ಹನ್ನೊಂದನೆಯ ತೂ

ಕುಣಿಯಲಾರದವನು ನೆಲ ಡೊಂಕು ಅಂದನಂತೆ ಎನ್ನುವುದು ಹಳೆಯ ಗಾದೆ. ನಮ್ಮ ನಿವಾರ್ದೊ ಮೇಷ್ಟ್ರು ಲೆಕ್ಕದ ಮನುಷ್ಯ. ನಮ್ಮೂರು ಮತಾನ್ಸಾಸ್‌ನ ನೆಲ ಸಪಾಟಾಗಿದೆ ಎಂದು ಅಳೆದು ನೋಡದೆಯೇ ಗೊತ್ತಿದ್ದವರು. ನೆಲದ ಮೇಲೆ ಸುಳ್ಳು ಹೊರಿಸಲು ಮನಸ್ಸು ಬಾರದೆ, ಕುಣಿಯಲಾರದ ಮೇಷ್ಟ್ರು ಕಾಲೇ ಡೊಂಕು ಅಂದುಬಿಟ್ಟರು. ಇದು ನಡೆದ ಕಥೆ, ಆಣೆಯಿಟ್ಟು ಹೇಳುತ್ತೇನೆ. ಅಥವಾ ಅರ್ಧ ಕುಂಟಿ ಅರ್ಧ ನಡೆದ ಕಥೆ. ಅವರ ತಲೆಯೊಳಗಿದ್ದದ್ದು ನನಗೆ ಹೇಗೆ ಗೊತ್ತು ಎಂದರೆ, ಆಮೇಲೆ ನಾಲ್ಕು ಭಾನುವಾರ ನಮ್ಮನೆ ಹಿತ್ತಲಲ್ಲಿ ಕೂತು ಅವರೇ ಒಂದೊಂದಾಗಿ ಕಕ್ಕಿದರು. ಅವರು ಲೆಕ್ಕ ಹೇಳಿಕೊಡುವ ಕಾಲೇಜಿನಲ್ಲೇ ನಾನು ಸಾಹಿತ್ಯ ಹೇಳಿಕೊಡುವವನು, ಇನ್ನೊಬ್ಬರ ದನಿ ಕದಿಯುವುದು ನನ್ನ ಹಳೆಯ ಚಾಳಿ. ಇನ್ನು ಮುಂದೆ ಅವರನ್ನು ‘ಅವನು’ ಎನ್ನುತ್ತೇನೆ. ತಲೆಯೊಳಗೆ ಯಾರಿಗೂ ಬಹುವಚನ ಇರುವುದಿಲ್ಲ.

ಸೋಮವಾರ ಬೆಳಿಗ್ಗೆ ನಿವಾರ್ದೊ ಅಲಮಾರಿಯ ಕನ್ನಡಿಯ ಮುಂದೆ ಕುಂಟುವುದನ್ನು ಅಭ್ಯಾಸ ಮಾಡುತ್ತಿದ್ದ. ಮಂಡಿಗೆ ಸುತ್ತಿದ ಬಟ್ಟೆಪಟ್ಟಿ ಹೊಸದು, ಅದರ ಬಿಳುಪೇ ಸುಳ್ಳು ಹೇಳುವಂತಿತ್ತು. ಸ್ವಲ್ಪ ಕೊಳೆಯಾಗಲಿ ಎಂದು ನೆಲಕ್ಕೆ ಉಜ್ಜಿ ಮತ್ತೆ ಸುತ್ತಿಕೊಂಡ. ನಾಲ್ಕು ಹೆಜ್ಜೆ ಕುಂಟಿದ, ತಿರುಗಿದ, ನಾಲ್ಕು ಹೆಜ್ಜೆ. ಕನ್ನಡಿಯಲ್ಲಿ ಎಡಗಾಲು ಬಲಗಾಲಾಗಿ ಕಂಡು, ತಾನು ಯಾವುದನ್ನು ಎಳೆಯುತ್ತಿದ್ದೇನೆ ಎಂಬುದೇ ಮರೆತುಹೋಯಿತು. ಐವತ್ತೈದು ವರ್ಷದ ಬೀಜಗಣಿತದ ಮೇಷ್ಟ್ರು ತನ್ನದೇ ಎರಡು ಕಾಲುಗಳಲ್ಲಿ ಒಂದನ್ನು ಆರಿಸಲಾರದೆ ನಿಂತದ್ದನ್ನು ನೆನೆದು ನಾಚಿಕೆಯಾಯಿತು, ಆದರೆ ಆ ನಾಚಿಕೆ ಶನಿವಾರದ ನಾಚಿಕೆಯ ಮುಂದೆ ಏನೂ ಅಲ್ಲ. ಶನಿವಾರ ಅಮರೀಲಿಸ್‌ಗೆ ಹದಿನೈದು ತುಂಬುತ್ತದೆ. ಹದಿನೈದು ತುಂಬಿದ ಹುಡುಗಿ ಓಣಿಯ ಜನರೆಲ್ಲರ ಎದುರು ತನ್ನ ಮೊದಲ ಕುಣಿತ ಶುರುಮಾಡುವುದು ಅಪ್ಪನ ಕೈ ಹಿಡಿದು, ಮುಗಿಸುವುದೂ ಅಪ್ಪನ ಕೈಯಲ್ಲೇ. ಅದನ್ನು ಯಾರೂ ಬರೆದಿಟ್ಟಿಲ್ಲ, ಬರೆದಿಡುವ ಅಗತ್ಯ ಯಾರಿಗೂ ಕಂಡಿಲ್ಲ. ಬೇರೆ ಹುಡುಗಿಯರಂತೆ ವಾಲ್ಟ್ಸ್ ಕೇಳಿದ್ದರೆ ಹೇಗೋ ಕಣ್ಣುಮುಚ್ಚಿ ಎರಡು ಸುತ್ತು ತೂಗಾಡಿಬಿಡಬಹುದಿತ್ತು. ಇವಳು ಕೇಳಿದ್ದು ರುಯೆದಾ, ಚಕ್ರದ ಕುಣಿತ. ‘ನನ್ನ ಕಾಲು ಕೈ ಕೊಟ್ಟಿದೆ ಮಗಳೇ, ನಿನ್ನ ಸೋದರಮಾವ ರಿಗೊಬೆರ್ತೊ ಇದಾನಲ್ಲ’ ಎಂದು ಭಾನುವಾರ ಊಟದ ಹೊತ್ತಿಗೆ ಅವನು ಅಂದಾಗ ಅವಳು ತಟ್ಟೆಯಿಂದ ತಲೆಯೆತ್ತದೆ ‘ಸರಿ ಅಪ್ಪಾ’ ಎಂದಿದ್ದಳು. ಜಗಳವಾಡಿದ್ದರೆ ಎಷ್ಟು ಚೆನ್ನಾಗಿತ್ತು. ‘ಸರಿ ಅಪ್ಪಾ’ ಎನ್ನುವ ಎರಡು ಪದ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಅಡ್ಡಲಾಗಿ ಕೂತಿತ್ತು.

“ಮುದುಕಾ, ಕಾಫಿ ಆರೋಯ್ತು! ಕನ್ನಡಿ ಮುಂದೆ ಏನ್ ಮಾಡ್ತಿದೀಯ, ನಿನಗಾ ಹದಿನೈದು ತುಂಬೋದು?” ಎಂದು ಅಡುಗೆಮನೆಯಿಂದ ಸೊರಾಯ್ದಾ ಕೂಗಿದಳು.

“ಬಂದೆ, ಕಾಲು ನೋಯ್ತಿದೆ.”

“ಯಾವ ಕಾಲು?”

ನಿವಾರ್ದೊ ಕನ್ನಡಿಗೆ ಬೆನ್ನು ಮಾಡಿ ಅಡುಗೆಮನೆಯತ್ತ ಕುಂಟಿದ. ಮೂವತ್ತಾರು ವರ್ಷದ ಹಿಂದೆ, ವಿದ್ಯಾರ್ಥಿ ನಿಲಯದ ಅಂಗಳದಲ್ಲಿ, ಯಾವ ಕಾಲು ಎಂದು ಯಾರೂ ಕೇಳಿರಲಿಲ್ಲ. ಯಾವ ಕಡೆ ಎಂದು ಕೇಳಿದ್ದರು. ಹನ್ನೆರಡು ಜೋಡಿ ದುಂಡಗೆ ನಿಂತಿದ್ದವು, ಒಬ್ಬ ಕೂಗುತ್ತಿದ್ದ. ಅವನು ‘ಕೊಡು!’ ಎಂದರೆ ಗಂಡಸರೆಲ್ಲ ಕೈಲಿದ್ದವಳನ್ನು ಬಿಟ್ಟು ಮುಂದಿನವಳನ್ನು ಹಿಡಿಯಬೇಕು, ಮಗುವಿಗೂ ಗೊತ್ತಿರುವ ಮಾತು. ಹನ್ನೊಂದು ಜನ ಬಲಕ್ಕೆ ಹೋದರು, ಒಬ್ಬ ಎಡಕ್ಕೆ. ಅಷ್ಟೇ ನಡೆದದ್ದು. ಒಬ್ಬರ ಬೆನ್ನಿಗೆ ಒಬ್ಬರು ಡಿಕ್ಕಿ ಹೊಡೆದು ಇಪ್ಪತ್ನಾಲ್ಕು ಜನ ನಿಂತುಬಿಟ್ಟರು, ಹಳದಿ ರವಿಕೆಯ ಹುಡುಗಿಯೊಬ್ಬಳು ಯಾರೂ ಇಲ್ಲದ ಕಡೆಗೆ ಕೈ ಚಾಚಿಕೊಂಡೇ ನಿಂತಳು. ‘ಚಕ್ರಕ್ಕೆ ಕಲ್ಲು ಸಿಕ್ತು!’ ಎಂದು ಕೂಗುವವನು ಕೂಗಿದ. ಆಮೇಲೆ ಎರಡು ವರ್ಷ ಊಟದ ಸಾಲಿನಲ್ಲಿ, ಬಚ್ಚಲಲ್ಲಿ, ಪರೀಕ್ಷೆಯ ಫಲಿತಾಂಶದ ಹಲಗೆಯ ಮುಂದೆ, ನಿವಾರ್ದೊನ ಹೆಸರು ಕಲ್ಲು. ಹುಡುಗಿಯ ಮುಖ ಮರೆತಿದೆ, ಹೆಸರು ಗೊತ್ತೇ ಇರಲಿಲ್ಲ. ಚಾಚಿದ ಆ ಕೈ ಮಾತ್ರ ಇನ್ನೂ ಇಳಿದಿಲ್ಲ. ಎದುರು ಮನೆಯಲ್ಲಿ ಹಾಡು ಹಚ್ಚಿದರೆ ಇವನು ಕಿಟಕಿ ಮುಚ್ಚುತ್ತಾನೆ. ಈ ಊರಲ್ಲಿ ಕಿಟಕಿ ಮುಚ್ಚಿ ಬದುಕುವುದೆಂದರೆ ಒಲೆಯೊಳಗೆ ಸಂಸಾರ ಮಾಡಿದ ಹಾಗೆ.

ಆ ಸೋಮವಾರ ಮಧ್ಯಾಹ್ನವೇ ಮೇಷ್ಟ್ರುಗಳ ಕೋಣೆಯಲ್ಲಿ ಅವನ ಮುಂದೆ ಹಾಳೆಯೊಂದು ಬಂದು ಬಿತ್ತು. ಹಳದಿಗಟ್ಟಿದ ಹಾಳೆ, ಅಂಚಿನಲ್ಲಿ ಕಂದು ಕಲೆ. ಕಾಫಿಯ ಕಲೆ ಎಂದು ಈಗ ಹೇಳಬಹುದು.

“ಏನಿದು ಫೆರ್ಮಿನ್?” ಎಂದ ನನ್ನನ್ನು ನೋಡಿ.

“ನನಗೆ ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ತರ್ತಿದ್ದೆ ಮೇಷ್ಟ್ರೇ? ಯಾವುದೋ ಪುಟಾಣಿ ದ್ವೀಪದ ಭಾಷೆಯಂತೆ, ಈಗ ಆಡೋರು ಒಬ್ಬರೂ ಉಳಿದಿಲ್ಲ. ಒಬ್ಬ ಪಾದ್ರಿ ಬರೆದಿಟ್ಟದ್ದು.” ಆಮೇಲೆ ನಮ್ಮ ಪ್ರಿನ್ಸಿಪಾಲಮ್ಮನ ಮೂಗಿನ ದನಿಯಲ್ಲಿ, “‘ಸಾಹಿತ್ಯದವರ ಕೈಲಿ ಏನಾಗುತ್ತೆ ಫೆರ್ಮಿನ್, ಲೆಕ್ಕದವರನ್ನ ಕೇಳಿ’ ಅಂದ್ರು.”

ಅವನು ನಗಲಿಲ್ಲ, ಆಗಲೇ ಓದುತ್ತಿದ್ದ. ಆ ಜನರ ಭಾಷೆಯಲ್ಲಿ ಮೂರೇ ಪದ: ತೂ, ಮೀ, ಸೋ. ‘ತೂ ತೂ ತೂ ತೂ’ ಎಂದರೂ ಸುಮ್ಮನಿದ್ದರೂ ಅವರಿಗೆ ಒಂದೇ. ‘ಮೀ ಮೀ’ ಎಂದರೂ ಸುಮ್ಮನಿದ್ದ ಹಾಗೆಯೇ. ‘ಮೀ ತೂ ಮೀ’ ಎಂದರೆ ‘ತೂ ತೂ ತೂ’ ಎಂದಂತೆ. ‘ಸೋ’ ಎಷ್ಟು ಸಲ ಅಂದರೂ ಮಾತಿನ ಅರ್ಥ ಬದಲಾಗುವುದಿಲ್ಲ. ಮಕ್ಕಳಿಗೆ ಈ ಭಾಷೆಯನ್ನು ನಾಲ್ಕು ಬಟ್ಟಲು, ನಾಲ್ಕು ತಟ್ಟೆ ಇಟ್ಟು ಕಲಿಸುತ್ತಾರೆ. ಪ್ರಶ್ನೆ ಎರಡು: ಈ ಜನ ಒಟ್ಟು ಎಷ್ಟು ಬೇರೆ ಬೇರೆ ಮಾತು ಆಡಬಲ್ಲರು? ಅವರು ಹಬ್ಬದ ದಿನ ಹಾಡುವ ‘ತೂ ತೂ ಮೀ ತೂ ಸೋ ತೂ ಮೀ ತೂ ತೂ ತೂ’ ಎಂಬ ಹತ್ತು ಪದದ ಹಾಡಿಗೆ ಅರ್ಥವೇನು?

“ಇದು ಭಾಷೆ ಅಲ್ಲ,” ಎಂದ ನಿವಾರ್ದೊ, ಕನ್ನಡಕ ತೆಗೆದು. “ಇದು ಗ್ರೂಪ್.”

“ಯಾವ ಗ್ರೂಪು? ರಕ್ತದ್ದಾ?”

“ಸುಮ್ನಿರಪ್ಪ.” ಹಾಳೆಯನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು ಎದ್ದ, ಬಾಗಿಲವರೆಗೂ ಸರಿಯಾಗಿಯೇ ನಡೆದ, ಹೊಸ್ತಿಲಲ್ಲಿ ನೆನಪಾಗಿ ಕುಂಟಿದ.

ಮನೆಗೆ ಹೋಗುವ ದಾರಿಯಲ್ಲಿ, ಸೇತುವೆಯ ಮೇಲೆ, ಅವನಿಗೆ ಬಹಳ ದಿನದ ಮೇಲೆ ಹಸಿವಿನಂಥದ್ದೇನೋ ಆಯಿತು. ಮಕ್ಕಳಿಗೆ ಗ್ರೂಪ್ ಎಂದರೇನೆಂದು ಇಪ್ಪತ್ತೆಂಟು ವರ್ಷದಿಂದ ಒಂದೇ ರೀತಿ ಹೇಳುತ್ತ ಬಂದಿದ್ದ: ಕೆಲವು ಚಲನೆಗಳ ಬಳಗ, ಒಂದರ ಹಿಂದೆ ಒಂದು ಮಾಡಿದರೂ ಬಳಗದಾಚೆ ಹೋಗಲಾಗದು, ಏನೂ ಮಾಡದೆ ಇರುವುದಕ್ಕೂ ಅಲ್ಲಿ ಸದಸ್ಯತ್ವ ಉಂಟು, ಮತ್ತು ಪ್ರತಿಯೊಂದು ಚಲನೆಗೂ ಅದನ್ನು ಅಳಿಸಿಹಾಕುವ ಇನ್ನೊಂದು ಇದ್ದೇ ಇರುತ್ತದೆ. ಈ ಕೊನೆಯ ಮಾತು ಹೇಳುವಾಗ ಪ್ರತಿ ವರ್ಷವೂ ಅವನ ದನಿ ಸ್ವಲ್ಪ ಇಳಿಯುತ್ತಿತ್ತು, ಹುಡುಗರು ಅದನ್ನು ಸುಸ್ತು ಎಂದುಕೊಳ್ಳುತ್ತಿದ್ದರು. ಎಡಕ್ಕೆ ಹಾಕಿದ ಒಂದು ಹೆಜ್ಜೆಯನ್ನು ಅಳಿಸಲು ಬಲಕ್ಕೆ ಒಂದು ಹೆಜ್ಜೆ ಸಾಕು, ಹಲಗೆಯ ಮೇಲಾದರೆ. ಅಂಗಳದಲ್ಲಾದರೆ ಮೂವತ್ತಾರು ವರ್ಷ ಕಿಟಕಿ ಮುಚ್ಚಿದರೂ ಸಾಲದು. ಕೆಳಗೆ ನದಿ ಸಮುದ್ರದ ಕಡೆಗೆ ಸೋಮಾರಿಯಾಗಿ ಹೋಗುತ್ತಿತ್ತು. ತೂ, ಎಂದ ಅವನು ಮೆಲ್ಲಗೆ. ತೂ ತೂ. ಎದುರು ಬಂದ ಹೆಂಗಸು ತನ್ನತ್ತಲೇ ಉಗುಳಿದನೆಂದುಕೊಂಡು ಪಕ್ಕಕ್ಕೆ ಸರಿದಳು.

ಮಂಗಳವಾರ ಮಧ್ಯಾಹ್ನ ಕರೆಂಟು ಹೋಯಿತು, ಹೋಗುವ ಹೊತ್ತಿಗೇ ಸರಿಯಾಗಿ. ಹಿತ್ತಲಿನ ಮೇಜಿನ ಮೇಲೆ ನಿವಾರ್ದೊ ನಾಲ್ಕು ಕಾಫಿ ಬಟ್ಟಲುಗಳನ್ನು ನಾಲ್ಕು ತಟ್ಟೆಗಳ ಮೇಲೆ ದುಂಡಗೆ ಇಟ್ಟ. ಅಮರೀಲಿಸ್ ಎದುರಿಗೆ ಕೂತು ರಾತ್ರಿಯ ಅಡುಗೆಗೆ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ತೂ ಎಂದರೆ ಬಟ್ಟಲುಗಳೆಲ್ಲ ಒಂದೊಂದು ತಟ್ಟೆ ಮುಂದಕ್ಕೆ; ನಾಲ್ಕು ಸಲ ಮಾಡಿದರೆ ಮೊದಲಿನ ಹಾಗೇ, ಸರಿ. ಮೀ ಎಂದರೆ ಬಟ್ಟಲಿನ ಹಿಡಿ ಆ ಕಡೆ ಇದ್ದದ್ದು ಈ ಕಡೆಗೆ, ದಿಕ್ಕು ಅದಲು ಬದಲು. ಅಲ್ಲಿಂದ ತೂ ಎಂದರೆ ಹಿಂದಕ್ಕೆ ಹೋದಂತೆ. ಎಷ್ಟು ಸುಲಭ, ಎಷ್ಟು ಅಚ್ಚುಕಟ್ಟು! ನಾಲ್ಕು ಜಾಗ, ಎರಡು ದಿಕ್ಕು. ಆ ದ್ವೀಪದ ಜನ ಹುಟ್ಟಿ ಸಾಯುವವರೆಗೂ ಮಾತಾಡಿದರೂ ಎಂಟೇ ಮಾತು. ಅವನಿಗೆ ಆ ಜನರ ಮೇಲೆ ಪ್ರೀತಿ ಉಕ್ಕಿತು. ಎಂಟೇ ಮಾತಿರುವವರು ತಪ್ಪು ಆಡಿದರೂ ಏಳೇ ತಪ್ಪು ಆಡಿಯಾರು.

“ಎಂಟೇನಾ ಅಪ್ಪಾ?”

“ಎಂಟೇ.”

“ಅದ್ರಲ್ಲಿ ಒಂದು ಸುಮ್ಮನಿರೋದು?”

“ಹೌದು. ಅದೇ ಮುಖ್ಯವಾದದ್ದು.”

“ನಿನಗೆ ಅದೊಂದು ಚೆನ್ನಾಗಿ ಬರುತ್ತೆ,” ಎಂದಳು ಅಮರೀಲಿಸ್, ಒಂದು ಕಲ್ಲು ಎತ್ತಿ ಗೋಡೆಯಾಚೆ ಎಸೆದು.

ಅವನ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು. ಇವಳಿಗೆ ತನ್ನ ಹಳೆಯ ಅಡ್ಡಹೆಸರು ಗೊತ್ತಿರಲು ಸಾಧ್ಯವಿಲ್ಲ. ಸೊರಾಯ್ದಾಗೂ ಹೇಳಿಲ್ಲ. ಅಥವಾ ಹೇಳಿದ್ದೆನೇ, ಯಾವಾಗಲೋ ಜ್ವರದಲ್ಲಿ? ಅಕ್ಕಿಯಲ್ಲಿ ಬೆರಳಾಡಿಸುತ್ತಿದ್ದ ಮಗಳ ತಲೆಯ ಬೈತಲೆ ಕಂಡಿತು, ಬೆಳ್ಳಗೆ, ನೆಟ್ಟಗೆ, ಐದನೆಯ ವಯಸ್ಸಿನಲ್ಲಿದ್ದ ಹಾಗೆಯೇ.

“ಬಟ್ಟಲಲ್ಲಿ ನನಗೆ ಅರ್ಥ ಆಗಲ್ಲ,” ಎಂದು ಅವಳು ಕೈ ಕೊಡವಿಕೊಂಡು ಎದ್ದಳು. “ನೀನೇ ಬಟ್ಟಲಾಗು. ಕುರ್ಚಿಗಳು ತಟ್ಟೆ.”

ನಾಲ್ಕು ಕುರ್ಚಿ ದುಂಡಗೆ ಬಂದವು. ಒಂದರ ಮೇಲೆ ಅಕ್ಕಿಯ ಚೀಲ, ಒಂದರ ಮೇಲೆ ದಿಂಬು, ಒಂದಕ್ಕೆ ಒರಗಿ ಪೊರಕೆ, ಇನ್ನೊಂದರಲ್ಲಿ ಬೆಕ್ಕು ತಾನಾಗಿಯೇ ಬಂದು ಕೂತಿತು. ಮಗಳು ಕೂಗಿದಳು, ಅಪ್ಪ ಕುರ್ಚಿಯಿಂದ ಕುರ್ಚಿಗೆ ಹೋದ. ‘ಸೋ ಅಂದ್ರೆ ಎದುರಿಗಿರೋದನ್ನ ಒಂದು ಸುತ್ತು ತಿರುಗಿಸಿಬಿಡು, ಹೇಗೂ ಅರ್ಥ ಬದಲಾಗಲ್ಲವಲ್ಲ’ ಎಂದಳು, ಅವನು ಪೊರಕೆಯನ್ನು ಒಂದು ಸುತ್ತು ತಿರುಗಿಸಿದ. ಶಿಕ್ಷಕನಿಗೆ ಶಿಷ್ಯೆ ಸಿಕ್ಕ ಸುಖದಲ್ಲಿ ಕಾಲು ಡೊಂಕೆಂಬುದು ಮರೆತೇಹೋಗಿತ್ತು. ಬುಧವಾರವೂ ಅದೇ, ಗುರುವಾರವೂ ಅದೇ, ಗುರುವಾರ ಅವಳು ಬೇಗ ಬೇಗ ಕೂಗಿದಳು. ಪಕ್ಕದ ಮನೆಯ ಎಪ್ಪತ್ತರ ಎದೆಲ್ಮೀರಾ ಗೋಡೆಯ ಮೇಲಿಂದ ಇಣುಕಿದಳು.

“ಸೊರಾಯ್ದಾ, ನಿನ್ನ ಗಂಡ ದಿಂಬಿನ ಕೈ ಹಿಡ್ಕೊಂಡು ಸುತ್ತು ಹೊಡೀತಿದಾನಲ್ಲೇ!”

“ಲೆಕ್ಕ ಮಾಡ್ತಿದಾನೆ ಬಿಡಿ.”

“ನಮ್ಮ ಕಾಲದ ಲೆಕ್ಕ ಹೀಗಿದ್ದಿದ್ರೆ ನಾನೂ ಓದ್ತಿದ್ದೆ.”

ಶುಕ್ರವಾರ ಅವನು ನನ್ನ ಮೇಜಿನ ಮೇಲೆ ನಾಲ್ಕು ಪುಟದ ಉತ್ತರವಿಟ್ಟ. ಎಂಟು ಮಾತುಗಳಿಗೂ ಪಟ್ಟಿ, ಚಿತ್ರ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಗೆರೆ.

“ನಿಮ್ಮ ಪಾದ್ರಿ ಪೆದ್ದ,” ಎಂದ. “ಹಾಡಲ್ಲಿ ಒಂದು ಪದ ಬಿಟ್ಟಿದಾನೆ.”

“ಪಾದ್ರಿಗಳು ತಪ್ಪು ಬರೀತಾರಾ ಮೇಷ್ಟ್ರೇ?”

“ಲೆಕ್ಕ ಹಾಕಿ. ತೂ ತೂ, ಎರಡು ಮುಂದೆ. ಮೀ, ತಿರುಗಿದ. ತೂ, ಒಂದು ವಾಪಸ್. ಸೋ, ಏನಿಲ್ಲ. ತೂ, ಇನ್ನೊಂದು ವಾಪಸ್, ಹೊರಟ ಜಾಗ. ಮೀ, ಮುಖ ಸರಿಯಾಯ್ತು. ಆಮೇಲೆ ಮೂರು ತೂ. ಮೂರರಲ್ಲಿ ನಿಂತುಬಿಟ್ರೆ ಹಾಡು ಗಂಟಲಲ್ಲೇ ಸಿಕ್ಕಿಕೊಂಡ ಹಾಗೆ. ಹನ್ನೊಂದನೆಯ ತೂ ಬೇಕು. ಆಗ ಮುಗಿಯುತ್ತೆ.”

“ಮುಗಿದ್ರೆ ಅರ್ಥ?”

“ಸುಮ್ಮನಿದ್ದ ಹಾಗೆ.”

“ಅಷ್ಟುದ್ದ ಹಾಡಿ ಕೊನೆಗೆ ಸೊನ್ನೆಯಾ!”

“ಸೊನ್ನೆ ಅಲ್ಲ ಫೆರ್ಮಿನ್.” ಅವನು ಕಿಟಕಿಯಾಚೆ ನೋಡಿದ. “ಎಲ್ಲೆಲ್ಲೋ ಹೋಗಿ ಹೊರಟಲ್ಲಿಗೇ ಬರೋದು. ಅದಕ್ಕೂ ಕದಲದೇ ಕೂತಿರೋದಕ್ಕೂ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ.” ಪೆನ್ನನ್ನು ಜೇಬಿಗಿಡುತ್ತ, “ಲೆಕ್ಕದಲ್ಲಿ,” ಎಂದ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಪಾದ್ರಿ ನಾನೇ. ಸೊರಾಯ್ದಾ ಬಂದು ‘ಈ ಮನುಷ್ಯನಿಗೆ ಕುಣೀ ಅಂದ್ರೆ ಸಾಯ್ತಾನೆ, ಲೆಕ್ಕ ಮಾಡು ಅಂದ್ರೆ ಬದುಕ್ತಾನೆ, ಏನಾದ್ರೂ ಮಾಡು ಫೆರ್ಮಿನ್’ ಎಂದು ಕೇಳಿಕೊಂಡದ್ದರಿಂದ ಹುಟ್ಟಿದ ದ್ವೀಪ ಅದು. ಹಾಳೆಗೆ ಕಾಫಿ ಚೆಲ್ಲಿದವಳು ಅಮರೀಲಿಸ್. ನಾಲ್ಕು ಜೋಡಿಯ ಚಕ್ರದಲ್ಲಿ ಮೇಷ್ಟ್ರನ್ನು ಬಿಟ್ಟು ಉಳಿದ ಏಳು ಜನ ಪ್ರತಿ ಸಂಜೆ ನಮ್ಮನೆ ಹಿತ್ತಲಲ್ಲಿ ಈ ಕೂಗಿಗೆ ಕುಣಿದು ಅಭ್ಯಾಸ ಮಾಡುತ್ತಿದ್ದೆವು, ಮೇಷ್ಟ್ರ ಜಾಗದಲ್ಲಿ ಪೊರಕೆ ನಿಲ್ಲಿಸಿಕೊಂಡು. ಕೊನೆಯಲ್ಲಿ ಹುಡುಗಿ ಪೊರಕೆಯ ಬದಲು ನನ್ನ ಕೈಗೆ ಬರುತ್ತಿದ್ದಳು, ಅದನ್ನು ನಾವು ಪೊರಕೆಯ ದಡ್ಡತನ ಎಂದುಕೊಂಡಿದ್ದೆವು. ಶುಕ್ರವಾರದ ಕೆಂಪು ಗೆರೆಯನ್ನು ನೋಡಿದಾಗಲಾದರೂ ನಾನು ಎಚ್ಚರಾಗಬೇಕಿತ್ತು. ಆದರೆ ನಾನೇ ಕಟ್ಟಿದ ಭಾಷೆಯಲ್ಲಿ ಇನ್ನೊಬ್ಬ ಬಂದು ನನ್ನ ತಪ್ಪು ತೋರಿಸುವುದನ್ನು ಯಾವ ಸಾಹಿತ್ಯದ ಮೇಷ್ಟ್ರು ಸಹಿಸುತ್ತಾನೆ?

ಶನಿವಾರ ಇಳಿಹೊತ್ತಿಗೆ ಓಣಿಯ ಜನವೆಲ್ಲ ಮೇಷ್ಟ್ರ ಮನೆ ಹಿತ್ತಲಲ್ಲಿ. ನಿವಾರ್ದೊ ಗೋಡೆಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಿದ್ದ. ಹಾದುಹೋದವರೆಲ್ಲ ‘ಪಾಪ’ ಎಂದರು. ಒಂದೊಂದು ‘ಪಾಪ’ಕ್ಕೂ ಅವನ ಕಿವಿ ಬಿಸಿಯಾಯಿತು. ಕೇಕು, ಹಂದಿಮಾಂಸ, ರಮ್ಮಿನ ವಾಸನೆ. ರಿಗೊಬೆರ್ತೊ ಕಪ್ಪು ಕೋಟು ತೊಟ್ಟು ಬೆವರುತ್ತ ತನ್ನ ಸರದಿಗೆ ಕಾಯುತ್ತಿದ್ದ. ನೀಲಿ ಅಂಗಿಯಲ್ಲಿ ಅಮರೀಲಿಸ್ ಹೊರಗೆ ಬಂದಳು, ಅದೇ ಗಳಿಗೆಗೆ ಕರೆಂಟು ಹೋಗಿ ಹಾಡಿನ ಪೆಟ್ಟಿಗೆ ಬಾಯಿ ಮುಚ್ಚಿತು. ‘ಕೈಯಿಲ್ವಾ ನಿಮಗೆಲ್ಲ?’ ಎಂದು ಎದೆಲ್ಮೀರಾ ಬೈದಳು, ಜನ ಚಪ್ಪಾಳೆಯಲ್ಲಿ ತಾಳ ಹಿಡಿದರು, ಯಾರೋ ಬಾಟಲಿಗೆ ಚಮಚ ಬಡಿದರು. ಹುಡುಗಿ ನೇರವಾಗಿ ಸ್ಟೂಲಿನ ಹತ್ತಿರ ಬಂದಳು.

“ಅಪ್ಪಾ, ನೋವಾ?”

“ನೋವು ಮಗಳೇ.”

“ಸರಿ. ಶುರುವಿಗೆ ಒಂದ್ನಿಮಿಷ ನನ್ನ ಪಕ್ಕ ನಿಂತ್ಕೊಂಡ್ರೆ ಸಾಕು. ಆಮೇಲೆ ಮಾವ ಬರ್ತಾನೆ.”

ಮತ್ತೆ ಆ ‘ಸರಿ’. ಅವನು ಎದ್ದ. ಒಂದು ನಿಮಿಷ ನಿಲ್ಲುವುದು ಕುಣಿತವಲ್ಲ, ನಿಲ್ಲುವುದು ನಿಲ್ಲುವುದೇ. ಮಗಳ ಕೈ ತಣ್ಣಗಿತ್ತು, ಅಂಗೈ ಮಾತ್ರ ಬೆವರಿತ್ತು, ಇವಳಿಗೂ ಹೆದರಿಕೆಯೇ? ಅವರ ಮುಂದಿನ ಜೋಡಿ ನಾನು, ಸೊರಾಯ್ದಾ. ಅದರಾಚೆ ರಿಗೊಬೆರ್ತೊ, ಎದೆಲ್ಮೀರಾ. ಅದರಾಚೆ ಎದುರು ಮನೆಯ ನೋರಿಸ್ ಮತ್ತವಳ ಗಂಡ. ಚಕ್ರ ತನ್ನ ಸುತ್ತ ಕಟ್ಟಿಕೊಂಡದ್ದು ಅವನಿಗೆ ತಿಳಿಯಿತು. ತಿಳಿಯುವಷ್ಟರಲ್ಲಿ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತ್ತು. ಹಳದಿ ರವಿಕೆ. ಚಾಚಿದ ಕೈ. ಚಕ್ರಕ್ಕೆ ಸಿಕ್ಕ ಕಲ್ಲು. ಈಗ ‘ಕೊಡು!’ ಎನ್ನುತ್ತಾರೆ, ಈಗ ನಾನು ಎಡಕ್ಕೆ ಹೋಗುತ್ತೇನೆ.

“ತೂ!” ಎಂದೆ ನಾನು.

ಈ ಪೆದ್ದನೇಕೆ ನನ್ನ ಲೆಕ್ಕ ಓದುತ್ತಿದ್ದಾನೆ ಎಂದು ನಿವಾರ್ದೊನ ತಲೆ ಕೇಳಿತು, ಕಾಲು ಕೇಳಲಿಲ್ಲ. ಕಾಲು ಒಂದು ಕುರ್ಚಿ ಮುಂದೆ ಹೋಗಿತ್ತು, ಅಕ್ಕಿ ಚೀಲವಿರಬೇಕಾದಲ್ಲಿ ಸೊರಾಯ್ದಾ ಇದ್ದಳು, ತುಟಿ ಕಚ್ಚಿ ನಗು ತಡೆದುಕೊಂಡು. ತೂ! ದಿಂಬಿನ ಜಾಗದಲ್ಲಿ ಎದೆಲ್ಮೀರಾ, ಲವಂಗದ ವಾಸನೆ. ಮೀ! ಎಂಟೂ ಜನ ಬೆನ್ನು ತಿರುಗಿಸಿದರು, ಹಿಡಿ ಆ ಕಡೆ ಇದ್ದದ್ದು ಈ ಕಡೆ. ತೂ, ಮತ್ತೆ ಸೊರಾಯ್ದಾ. ಸೋ! ಹೆಂಡತಿಯನ್ನು ಪೊರಕೆಯಷ್ಟೇ ಹಗುರವಾಗಿ ಒಂದು ಸುತ್ತು ತಿರುಗಿಸಿದ, ಮೂವತ್ತು ವರ್ಷದಲ್ಲಿ ಮೊದಲ ಸಲ, ಅರ್ಥವೇನೂ ಬದಲಾಗದ ಆ ಒಂದು ಸುತ್ತಿಗೆ ಅವಳ ಕಣ್ಣು ಯಾಕೆ ಒದ್ದೆಯಾಯಿತೋ. ತೂ, ಮಗಳು ಬಂದಳು. ಬಂದು ಇನ್ನೂ ಉಸಿರು ತೆಗೆದುಕೊಂಡಿಲ್ಲ, ಮೀ, ತೂ, ತೂ, ತೂ! ಪಟ್ಟಿ ಬಿಚ್ಚಿಕೊಂಡು ಬಾಲದಂತೆ ಹಿಂದೆ ಹರಿಯುತ್ತಿತ್ತು. ಅವನ ಕೈಯಲ್ಲಿ ಈಗ ನೋರಿಸ್.

ನಾನು ಎರಡೂ ಕೈ ಎತ್ತಿ ಮುಗಿಯಿತೆಂದು ಸಾರಿದೆ. ಚಪ್ಪಾಳೆ ನಿಂತಿತು. ಹುಡುಗಿ ನನ್ನ ಪಕ್ಕದಲ್ಲಿದ್ದಳು, ಅಪ್ಪ ಒಂದು ಜಾಗ ಹಿಂದೆ. ‘ಅಯ್ಯೋ, ಅಪ್ಪನ ಕೈಗೆ ಸಿಗಲಿಲ್ಲ’ ಎಂದು ಯಾರೋ ಅಂದದ್ದು ಎಲ್ಲರಿಗೂ ಕೇಳಿಸಿತು. ಅಮರೀಲಿಸ್ ಹಿಂದಕ್ಕೆ ತಿರುಗಿ ಕೈ ಚಾಚಿದಳು, ಆದರೆ ಕೂಗಿಲ್ಲದೆ ಯಾರೂ ಕದಲುವ ಹಾಗಿಲ್ಲ, ಕೈ ಗಾಳಿಯಲ್ಲೇ ನಿಂತಿತು. ನಿವಾರ್ದೊ ಅದನ್ನು ನೋಡಿದ. ಅದೇ ಕೈ. ಈ ಸಲ ಯಾವ ಕಡೆ ಎಂದು ಇಡೀ ಹಿತ್ತಲಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಕೆಂಪು ಶಾಯಿಯಲ್ಲಿ ಬರೆದೂ ಕೊಟ್ಟಿದ್ದ.

“ತೂ!” ಎಂದು ಅರಚಿದ, ತರಗತಿಯಲ್ಲಿ ಹಿಂದಿನ ಬೆಂಚಿಗೆ ಅರಚುವ ದನಿಯಲ್ಲಿ. “ಹನ್ನೊಂದನೇದು! ತೂ, ಪೆದ್ದ ಪಾದ್ರೀ, ತೂ!”

ಚಕ್ರ ಸರಿಯಿತು, ನಾನೂ ಸರಿದೆ. ಚಾಚಿದ ಕೈ ಅವನ ಕೈಗೆ ಬಂದು ಬಿತ್ತು. ಒಂದು ಗಳಿಗೆ ಅವನು ಅದನ್ನೇ ನೋಡುತ್ತ ನಿಂತ, ಆಮೇಲೆ ಮಗಳ ಮುಖ ನೋಡಿದ, ಆಮೇಲೆ ನನ್ನನ್ನು, ಹೆಂಡತಿಯನ್ನು, ಗೋಡೆಗೆ ಒರಗಿಸಿದ್ದ ಪೊರಕೆಯನ್ನು. ಒಂದೊಂದೇ ತಟ್ಟೆಯ ಮೇಲೆ ಒಂದೊಂದೇ ಬಟ್ಟಲು ಕೂತದ್ದು ಆ ಮುಖದಲ್ಲಿ ಕಾಣಿಸಿತು.

“ದ್ವೀಪ...” ಎಂದ.

“ನಮ್ಮನೆ ಹಿತ್ತಲು, ಮೇಷ್ಟ್ರೇ.”

“ಅದು ಕಾಫಿ ಕಲೆ.”

“ನಾನೇ ಚೆಲ್ಲಿದ್ದು ಅಪ್ಪಾ.”

“ಅದಿರ್ಲಿ ಮುದುಕಾ,” ಎಂದಳು ಸೊರಾಯ್ದಾ, ನೆಲದಿಂದ ಉದ್ದನೆಯ ಪಟ್ಟಿಯನ್ನು ಸುರುಳಿ ಸುತ್ತುತ್ತ. “ಇದನ್ನ ಕಟ್ಟಿದ್ದು ಬಲಗಾಲಿಗೆ. ವಾರವೆಲ್ಲ ಕುಂಟಿದ್ದು ಎಡಗಾಲು. ಸೋಮವಾರದಿಂದ ನಾವು ಎಷ್ಟು ಕಷ್ಟಪಟ್ಟು ನಗು ತಡ್ಕೊಂಡಿದೀವಿ, ಗೊತ್ತಾ?”

ಜನ ಹೋ ಎಂದು ನಕ್ಕರು. ಆ ನಗು ಮೂವತ್ತಾರು ವರ್ಷದ ಹಿಂದಿನ ಅಂಗಳದ ನಗುವಿನಂತೆಯೇ ಇತ್ತು, ಅಷ್ಟೇ ಸದ್ದು, ಅಷ್ಟೇ ಹಲ್ಲು. ನಿವಾರ್ದೊ ಮಗಳ ಕೈ ಬಿಡದೆ ತನ್ನ ಎರಡು ಕಾಲುಗಳನ್ನೂ ಬಗ್ಗಿ ನೋಡಿದ, ಮೊದಲು ಬಲ, ಆಮೇಲೆ ಎಡ, ಯಾವುದಕ್ಕೆ ಬೈಯಬೇಕೆಂದು ತಿಳಿಯದವನ ಹಾಗೆ. ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾನೆಂದು ರಿಗೊಬೆರ್ತೊ ನೀರು ತರಲು ಓಡಿದ. ನೀರು ಬರುವಷ್ಟರಲ್ಲಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎದೆಲ್ಮೀರಾಳ ಕೋಳಿಗಳು ಗೋಡೆ ಹಾರಿ ಓಡಿದವು, ಉಳಿದವರೆಲ್ಲ ನಗು ನಿಲ್ಲಿಸಿ ನೋಡತೊಡಗಿದರು, ಮೇಷ್ಟ್ರ ನಗು ಮಾತ್ರ ಎದುರು ಮನೆಯ ಗೋಡೆಗೆ ಬಡಿದು ಹೊರಟಲ್ಲಿಗೇ ವಾಪಸ್ ಬರುತ್ತಿತ್ತು.